‘ಅಷ್ಟರಲ್ಲಿ’ ಹಿಡಿದೆ, ‘ಸಡನ್ಲಿ’ ಬಿಟ್ಟಿತು

ಚಿಕ್ಕಬಳ್ಳಾಪುರದಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿ ನನಗೆ ಏಳೆಂಟು ವರ್ಷ ಆಯಿತು. ಬರುವವರು ಪಿಯುಸಿ, ಡಿಗ್ರಿ ಹುಡುಗರು. ಹೆಚ್ಚಿನವರ ಕಣ್ಣು ದೇವನಹಳ್ಳಿ ಏರ್‌ಪೋರ್ಟ್ ಕಡೆಯ ಕೆಲಸದ ಮೇಲೆ. ಇಂಟರ್‌ವ್ಯೂನಲ್ಲಿ ‘ಅಂದುಕೊಳ್ಳದೇ ಇದ್ದದ್ದು ನಡೆದಾಗ ಏನು ಮಾಡಿದಿರಿ’ ಅಂತ ಕೇಳಿದರೆ ನಮ್ಮವರ ಬಾಯಿಗೆ ಬರುತ್ತಿದ್ದದ್ದು ಒಂದೇ ಪದ. ಸಡನ್ಲಿ ರೇನ್ ಕೇಮ್, ಸಡನ್ಲಿ ಕರೆಂಟ್ ವೆಂಟ್, ಸಡನ್ಲಿ ಅಂಕಲ್ ಕೇಮ್. ನೀವೂ ಕೇಳಿ ಕೇಳಿ ಸಾಕಾಗಿರುತ್ತೀರಿ, ಅಲ್ವಾ?

ಮೊದಲು ನಾನೂ ಎಲ್ಲರ ಹಾಗೆ ಪಟ್ಟಿ ಮಾಡಿದೆ. ‘ಸಡನ್ಲಿ’ ಬದಲು ಹೇಳಬಹುದಾದ ನಲವತ್ತು ಇಂಗ್ಲಿಷ್ ನುಡಿಗಟ್ಟು, ಪಕ್ಕದಲ್ಲಿ ಕನ್ನಡ ಅರ್ಥ. ಇನ್ನೂರು ಪುಸ್ತಿಕೆ ಅಚ್ಚು ಹಾಕಿಸಿದೆ, ಏಳೂವರೆ ಎಂಟು ಸಾವಿರ ಹೋಯಿತು. ನೂರಕ್ಕೂ ಜಾಸ್ತಿ ಇವತ್ತಿಗೂ ಅಟ್ಟದ ಮೇಲಿವೆ. ಬಾಯಿಪಾಠ ಮಾಡಿದವರೂ ಮಾತಾಡುವಾಗ ‘ಆಲ್ ಆಫ್ ಎ ಸಡನ್’ನಲ್ಲಿ ‘ಎ’ ನುಂಗುತ್ತಿದ್ದರು, ‘ಔಟ್ ಆಫ್ ದ ಬ್ಲೂ’ನಲ್ಲಿ ‘ದ’ ಬಿಡುತ್ತಿದ್ದರು. ‘ಆದದ್ದೇ ತಡ’ ಅನ್ನುವ ‘ನೋ ಸೂನರ್ ಡಿಡ್’ ಪರೀಕ್ಷೆಗೆ ಇರಲಿ. ಮಾತಿನಲ್ಲಿ ಅದನ್ನು ಹುಡುಕುವಷ್ಟರಲ್ಲಿ ಕೇಳುವವರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ.

ಜಾಸ್ತಿ ಕಾಡಿದ್ದು ‘ಆಕ್ಸಿಡೆಂಟ್’. ಒಬ್ಬ ಹುಡುಗ ಇಂಟರ್‌ವ್ಯೂನಲ್ಲಿ ‘ಐ ಮೆಟ್ ಮೈ ಅಂಕಲ್ ಇನ್ ಆನ್ ಆಕ್ಸಿಡೆಂಟ್’ ಅಂದ. ಎದುರಿಗಿದ್ದವರು ಪಾಪ, ಮಾವನಿಗೆ ಈಗ ಹೇಗಿದೆ ಅಂತ ಕೇಳಿದರಂತೆ. ಅವನು ಹೇಳಹೊರಟಿದ್ದು ಮಾವ ಬಸ್ ಸ್ಟ್ಯಾಂಡ್‌ನಲ್ಲಿ ಸಿಕ್ಕಿದರು ಅಂತ ಅಷ್ಟೇ. ‘ಅಕಸ್ಮಾತ್ತಾಗಿ’ ಅನ್ನಲು ‘ಬೈ ಆಕ್ಸಿಡೆಂಟ್’ ಹೇಳಿಕೊಟ್ಟೆ, ಅದು ‘ಮೆಟ್ ವಿತ್ ಆನ್ ಆಕ್ಸಿಡೆಂಟ್’ ಆಗಿ ವಾಪಸ್ ಬಂತು. ಅಕಸ್ಮಾತ್ ಸಿಕ್ಕಿದರು ಅನ್ನಲು ‘ರ್ಯಾನ್ ಇನ್‌ಟು’ ಕೊಟ್ಟೆ, ಗಾಡಿ ಗುದ್ದಿತಾ ಸಾರ್ ಅಂದರು. ಕೊನೆಗೆ ಉಳಿದದ್ದು ‘ಹ್ಯಾಪನ್ಡ್ ಟು ಮೀಟ್’. ‘ಸಿಕ್ಕಿದರು’ ಅನ್ನುವ ಜಾಗಕ್ಕೆ ಇದನ್ನು ಹಾಕಿ, ತೊಂದರೆ ಇಲ್ಲ.

ದಾರಿ ತೋರಿಸಿದ್ದು ಭೂಮಿ. 2021ರ ಡಿಸೆಂಬರ್ 22ರ ಬೆಳಿಗ್ಗೆ ಏಳು ಗಂಟೆ ದಾಟಿದ ಹೊತ್ತು, ನಮ್ಮ ಜಿಲ್ಲೆಯಲ್ಲಿ ಎರಡು ಸಲ ಭೂಮಿ ನಡುಗಿತಲ್ಲ, ರಿಕ್ಟರ್‌ನಲ್ಲಿ ಮೂರರ ಆಸುಪಾಸು. ಅವತ್ತು ಸಂಜೆ ಕ್ಲಾಸಿನಲ್ಲಿ ಯಾರೂ ಪುಸ್ತಕ ತೆಗೆಯಲಿಲ್ಲ. ಎಲ್ಲರೂ ಒಟ್ಟಿಗೆ ಮಾತು. ‘ಹಾಲು ಕಾಯಿಸ್ತಾ ಇದ್ದೆ ಸಾರ್, ಅಷ್ಟರಲ್ಲಿ ಪಾತ್ರೆಗಳೆಲ್ಲ ಗಲಗಲ ಅಂದ್ಬಿಟ್ವು.’ ‘ಇನ್ನೇನು ಸ್ನಾನಕ್ಕೆ ಹೋಗಬೇಕು, ಅಷ್ಟರಲ್ಲಿ ಅಮ್ಮ ಕೂಗಿದ್ರು.’ ‘ಹೊರಗೆ ಬಂದು ನೋಡ್ತೀನಿ, ಇಡೀ ಬೀದಿನೇ ರೋಡಲ್ಲಿದೆ.’

ಕೇಳುತ್ತಾ ಕೂತವನಿಗೆ ಥಟ್ಟನೆ ಹೊಳೆಯಿತು. ಇವರಲ್ಲಿ ಒಬ್ಬರೂ ‘ಇದ್ದಕ್ಕಿದ್ದಂತೆ’ ಅನ್ನುತ್ತಿಲ್ಲ! ಕನ್ನಡದಲ್ಲಿ ಆ ದಿಢೀರ್‌ತನ ‘ಅಷ್ಟರಲ್ಲಿ’, ‘ಇನ್ನೇನು’, ‘ನೋಡ್ತೀನಿ’, ‘ಬಿಟ್ಟ’ಗಳ ಒಳಗೇ ಕೂತಿದೆ. ಹಾಗಿದ್ದರೆ ಇಂಗ್ಲಿಷಿಗೆ ದಾಟಿಸಬೇಕಾದದ್ದು ಇವನ್ನೇ.

‘ಅಷ್ಟರಲ್ಲಿ’ ಅಂದರೆ ‘ವೆನ್’. ಅದಕ್ಕೆ ಮುಂಚೆ ‘ವಾಸ್’, ‘ಇಂಗ್’. ‘ಐ ವಾಸ್ ಬಾಯ್ಲಿಂಗ್ ಮಿಲ್ಕ್ ವೆನ್ ದ ವೆಸಲ್ಸ್ ಸ್ಟಾರ್ಟೆಡ್ ರ್ಯಾಟ್ಲಿಂಗ್.’ ಮೊದಲು ಇವರು ‘ದಟ್ ಟೈಮ್’ ಅನ್ನುತ್ತಿದ್ದರು, ಅದು ಇಲ್ಲಿಗೆ ಸತ್ತಿತು. ‘ಇನ್ನೇನು’ ಬಂದರೆ ‘ವಾಸ್ ಅಬೌಟ್ ಟು’. ‘ಬಂದು ನೋಡ್ತೀನಿ, ಬೈಕೇ ಇಲ್ಲ’ ಅಂದರೆ ‘ಐ ಕೇಮ್ ಔಟ್ ಟು ಫೈಂಡ್ ಮೈ ಬೈಕ್ ಗಾನ್’. ಈ ವಾಕ್ಯ ಮೊದಲ ಸಲ ಒಬ್ಬ ಹುಡುಗಿಯ ಬಾಯಿಂದ ತಾನಾಗೇ ಬಂದಾಗ ನನ್ನ ಮೈ ಜುಮ್ಮೆಂದಿತು.

‘ಬಿಟ್ಟ’ ಮಾತ್ರ ತುಂಬಾ ಸತಾಯಿಸಿತು. ಇಂಗ್ಲಿಷಿನಲ್ಲಿ ಅದಕ್ಕೆ ಒಂದು ಪದ ಇಲ್ಲ, ಕ್ರಿಯಾಪದವೇ ಬದಲಾಗುತ್ತದೆ. ಅತ್ತುಬಿಟ್ಟಳು, ‘ಬರ್ಸ್ಟ್ ಇನ್‌ಟು ಟಿಯರ್ಸ್’. ಬಸ್ಸು ಕೆಟ್ಟುಬಿಟ್ಟಿತು, ‘ಬ್ರೋಕ್ ಡೌನ್’. ಬೆಂಕಿ ಹತ್ತಿಕೊಂಡುಬಿಟ್ಟಿತು, ‘ಎ ಫೈರ್ ಬ್ರೋಕ್ ಔಟ್’. ಅಲಾರಂ ಹೊಡೆದುಬಿಟ್ಟಿತು, ‘ವೆಂಟ್ ಆಫ್’. ಒಂದೊಂದನ್ನೂ ಬೇರೆಯಾಗಿ ಕಲಿಸಬೇಕು. ‘ಊಟ ಮಾಡಿಬಿಟ್ಟೆ’ಯಲ್ಲಿ ದಿಢೀರ್ ಏನೂ ಇಲ್ಲ, ಕೆಲಸ ಮುಗಿಯಿತು ಅಂತ ಅಷ್ಟೇ. ಇದನ್ನು ಬಿಡಿಸಿ ಹೇಳದೇ ಒಂದು ಇಡೀ ಬ್ಯಾಚ್ ಕೆಡಿಸಿಕೊಂಡಿದ್ದೇನೆ.

ಇದೇ ಊರಿನಲ್ಲಿ ಟ್ಯೂಷನ್ ಮಾಡುವ ಇಬ್ಬರು ಗೆಳೆಯರು ಬೈದರು. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಬಂದರೆ ಇಂಗ್ಲಿಷ್ ಎಲ್ಲಿಂದ ಬರುತ್ತೆ ಅಂತ. ಅಪ್ಪ ಅಮ್ಮಂದಿರೂ ಹಾಗೇ ಅಂದರು. ತಿಂಗಳಿಗೆ ಐನೂರು ಫೀಸು, ಇಪ್ಪತ್ತೆರಡು ಇದ್ದವರು ಒಂಬತ್ತಕ್ಕೆ ಇಳಿದರು. ಬಾಡಿಗೆಯೇ ಮೂರು ಸಾವಿರದ ಮೇಲಿತ್ತು. ನಾಲ್ಕು ತಿಂಗಳು ಕೈಯಿಂದ ಹಾಕಿದೆ. ಆ ಒಂಬತ್ತರಲ್ಲಿ ಏಳು ಮಂದಿ ಎರಡು ನಿಮಿಷ ತಡವರಿಸದೆ ಒಂದು ಘಟನೆ ಹೇಳುವ ಹಾಗಾದರು, ನಾಲ್ವರಿಗೆ ಕೆಲಸ ಸಿಕ್ಕಿತು. ಈಗ ಎರಡು ಬ್ಯಾಚ್, ಮೂವತ್ತರ ಮೇಲಿದ್ದಾರೆ. ಬೈದ ಗೆಳೆಯರಲ್ಲಿ ಒಬ್ಬರು ತಮ್ಮ ಮಗಳನ್ನೇ ಕಳಿಸಿದ್ದಾರೆ. ಅದು ನನಗೆ ಹೆಮ್ಮೆ.

ಪುಸ್ತಿಕೆಯಲ್ಲಿದ್ದ ಹಳೆಯ ನುಡಿಗಟ್ಟುಗಳನ್ನೂ ಪೂರ್ತಿ ಬಿಟ್ಟಿಲ್ಲ. ‘ಬೋಲ್ಟ್ ಫ್ರಮ್ ದ ಬ್ಲೂ’ ಅಂದರೆ ಹುಡುಗರಿಗೆ ನಟ್ಟು ಬೋಲ್ಟು. ‘ಬರಸಿಡಿಲು’ ಅಂದೆ, ಒಂದೇ ಏಟಿಗೆ ಹಿಡಿದರು. ಮೋಡವಿಲ್ಲದ ನೀಲಿ ಆಕಾಶದಿಂದ ಸಿಡಿಲು, ಮಳೆಯಿಲ್ಲದೆ ಸಿಡಿಲು. ಎರಡು ಕಡೆಯ ಜನಕ್ಕೂ ಒಂದೇ ಕಲ್ಪನೆ ಬಂದಿದೆ ನೋಡಿ! ಆದರೆ ಕೆಟ್ಟ ಸುದ್ದಿಗೆ ಮಾತ್ರ ಬಳಸಿ ಅಂತ ಹೇಳಿರುತ್ತೇನೆ. ‘ಹೇಳದೇ ಕೇಳದೇ ಬಂದ’ ಅನ್ನಲು ‘ಔಟ್ ಆಫ್ ದ ಬ್ಲೂ’, ‘ಧುತ್ತಂತ ಎದುರಿಗೆ ನಿಂತ’ ಅನ್ನಲು ‘ಔಟ್ ಆಫ್ ನೋವೇರ್’.

ಬಾಗೇಪಲ್ಲಿ ಕಡೆಯಿಂದ ಬರುವವರು ಮನೆಯಲ್ಲಿ ತೆಲುಗು ಆಡುತ್ತಾರೆ. ಅವರಿಗೆ ‘ಅಷ್ಟರಲ್ಲಿ’ ಬದಲು ‘ಇಂತಲೋ’ ಹಿಡಿದು ನೋಡಿದೆ. ಇನ್ನೂ ಬೇಗ ಬಂತು. ಘಟನೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸೋಣ ಅಂತ ಸಾವಿರದ ಇನ್ನೂರು ಕೊಟ್ಟು ಮೈಕ್ ತಂದಿದ್ದೆ. ಅದು ದಂಡ. ಮೈಕ್ ಕಂಡರೆ ಮತ್ತೆ ‘ಸಡನ್ಲಿ’ ಶುರು.

ನೀವೂ ಹೀಗೆ ಕಲಿಸುವುದಾದರೆ ಮೊದಲ ವಾರ ಘಟನೆಯನ್ನು ಕನ್ನಡದಲ್ಲೇ ಹೇಳಿಸಿ, ಎರಡನೇ ವಾರ ‘ಅಷ್ಟರಲ್ಲಿ’, ‘ಇನ್ನೇನು’, ‘ನೋಡ್ತೀನಿ’, ‘ಬಿಟ್ಟ’ ಈ ನಾಲ್ಕು ಪದಗಳಿಗೆ ಗೆರೆ ಎಳೆಸಿ. ಮೂರನೇ ವಾರ ಗೋಡೆಗೆ ಮುಖ ಮಾಡಿ ನಿಲ್ಲಿಸಿ ನಾನು ಒಂದು ಆಟ ಆಡಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿದೆ. ಈಗ ‘ಗಕ್ಕನೆ ನಿಂತುಹೋಯಿತು’ ಅನ್ನುವುದಕ್ಕೆ ‘ಸ್ಟಾಪ್ಡ್ ಡೆಡ್’ ಕೂರುತ್ತಾ ಅಂತ ಹೊಸ ಬ್ಯಾಚಿನಲ್ಲಿ ನೋಡುತ್ತಿದ್ದೇನೆ. ಎರಡು ವಾರ ಆಯಿತು, ಮೂವರು ಹಿಡಿದಿದ್ದಾರೆ.