ಗಡಿಯಾರ ಬಿಟ್ಟು ಕೆಲಸ ಹಿಡಿದೆ: ನನ್ನ ಅನುಭವ

ಮನೆ-ಕೆಲಸ ಬೆರೆಸಿದರೆ ಎರಡೂ ಕೆಡುತ್ತವೆ ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಪುಟವಿನ್ಯಾಸ, ಕರಡು ತಿದ್ದುವ ಕೆಲಸವನ್ನು ಮನೆಯಲ್ಲೇ ಮಾಡುತ್ತೇನೆ. ಹೆಚ್ಚುಕಡಿಮೆ ಮೂರು ವರ್ಷದಿಂದ ಎರಡನ್ನೂ ಬೆರೆಸಿಕೊಂಡೇ ಇದ್ದೇನೆ. ಯಾವುದೂ ಕೆಟ್ಟಿಲ್ಲ, ಆದಾಯವೂ ಏರಿದೆ. ಅದಕ್ಕೇ ಈ ಬರಹ.

ಹೀಗೆ ಮನೆ-ಕೆಲಸ ಬೆರೆಸುವುದಕ್ಕೀಗ ‘ವರ್ಕ್-ಲೈಫ್ ಇಂಟಿಗ್ರೇಷನ್’ ಎಂದು ಹೆಸರಿಟ್ಟು ತರಬೇತಿ ಕೊಡುತ್ತಾರೆ. ಕಾರ್ಖಾನೆಗಳು ಬರುವ ಮೊದಲು ನೇಕಾರನ ಮಗ್ಗ ಇದ್ದದ್ದೇ ಮನೆಯೊಳಗೆ. ನೂಲು ಸುತ್ತುವವರೂ ಮನೆಯವರೇ. ದುಡಿಮೆಗೆ ಬೇರೆ ಜಾಗ, ಬೇರೆ ಹೊತ್ತು ಎಂದು ಗೆರೆ ಎಳೆದದ್ದು ಕಾರ್ಖಾನೆಯ ಗಂಟೆ. ಆ ಹೊತ್ತಿಗೊಂದು ಮಿತಿ ತರಲು ಕಾರ್ಮಿಕರು ಎಷ್ಟೋ ವರ್ಷ ಹೋರಾಡಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊತ್ತಮೊದಲ ಒಡಂಬಡಿಕೆಯೇ (1919) ದಿನಕ್ಕೆ 8, ವಾರಕ್ಕೆ 48 ಗಂಟೆಯದು. ಅದು ದೊಡ್ಡ ಗೆಲುವು. ಆದರೆ ತಾನೇ ಮಾಲೀಕ, ತಾನೇ ಆಳು ಆಗಿರುವವನಿಗೆ ಗಂಟೆಯ ಲೆಕ್ಕ ಒಗ್ಗುವುದಿಲ್ಲ.

ಒಂಬತ್ತರಿಂದ ಆರರವರೆಗೆ ಕೋಣೆ ಬಾಗಿಲು ಹಾಕಿ ಕೂರು ಎಂದರು. ಅಮ್ಮನಿಗೆ ಮಾತ್ರೆ ಕೊಡುವ ಹೊತ್ತು, ಮಗಳು ಶಾಲೆಯಿಂದ ಬರುವ ಹೊತ್ತು ಆ ಬಾಗಿಲನ್ನು ಕೇಳಲಿಲ್ಲ. ಹೊರಗೆ ಒಂದು ಮೇಜು ಬಾಡಿಗೆಗೆ ಹಿಡಿದು ನೋಡಿದ್ದೂ ಆಯಿತು. ಗಳಿಕೆಯ ಎಂಟನೇ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. ಮೇಲೆ ಓಡಾಟದ ಖರ್ಚು. ಎರಡು ಫೋನು, ಬಣ್ಣಬಣ್ಣದ ಕ್ಯಾಲೆಂಡರ್ ಒಂದು ತಿಂಗಳೂ ಬಾಳಲಿಲ್ಲ.

ದಾರಿ ಸಿಕ್ಕಿದ್ದು ಹೊತ್ತನ್ನು ಬಿಟ್ಟು ಕೆಲಸವನ್ನೇ ವಿಂಗಡಿಸಿದಾಗ: ನಡುವೆ ಎದ್ದರೆ ಕೆಡುವ ಕೆಲಸ, ಕೆಡದ ಕೆಲಸ. ಚಿತ್ರಗಳ ಅಳತೆ ಸರಿಮಾಡುವುದು, ಲೇಖಕರು ಗುರುತು ಹಾಕಿ ಕಳಿಸಿದ ತಿದ್ದುಪಡಿ ಸೇರಿಸುವುದು ಎಷ್ಟು ಸಲ ಎದ್ದರೂ ಕೆಡುವುದಿಲ್ಲ. ಪದಸೂಚಿ, ಅಂದರೆ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಪುಸ್ತಕದ ಕೊನೆಗೆ ಕೊಡುವ ಪಟ್ಟಿ, ಹಾಗಲ್ಲ. ‘ನೀರಾವರಿ’ ನಮೂದಿನ ಕೆಳಗೆ ಕಾಲುವೆ, ಕೆರೆ, ತೂಬು ಎಂದು ಉಪನಮೂದು ಒಡೆಯುತ್ತಿರುವಾಗ ಎದ್ದುಹೋದರೆ, ಯಾವ ಪುಟದವರೆಗೆ ಯಾವ ತತ್ವದಲ್ಲಿ ಒಡೆದಿದ್ದೆ ಎಂದು ಹುಡುಕಲು ಅರ್ಧ ಗಂಟೆ ಬೇಕು. ಅಂಥದ್ದನ್ನೆಲ್ಲ ಮನೆ ಏಳುವ ಮೊದಲು ಮುಗಿಸುತ್ತೇನೆ. ಉಳಿದದ್ದು ದಿನವಿಡೀ ಮನೆಗೆಲಸದ ಜೊತೆ ಹಾಸುಹೊಕ್ಕಾಗಿ ಸಾಗುತ್ತದೆ.

ಇದರ ಜೊತೆಗೇ ಗಂಟೆಯ ದರ ಕೈಬಿಟ್ಟು ಪುಟದ ದರಕ್ಕೆ ಬಂದೆ. ಹಳೆಯ ಗ್ರಾಹಕರಲ್ಲಿ ಇಬ್ಬರು ಆಗಲೇ ಕಳಚಿಕೊಂಡರು. ಮೊದಲ ನಾಲ್ಕೈದು ತಿಂಗಳು ಆದಾಯ ಮೂರನೇ ಒಂದರಷ್ಟು ಕುಸಿಯಿತು, ಉಳಿತಾಯಕ್ಕೆ ಕೈಹಾಕಬೇಕಾಯಿತು. ‘ನಾವು ಹೇಳಿರಲಿಲ್ಲವಾ’ ಎಂಬ ಮಾತು ಆಗ ಧಾರಾಳವಾಗಿ ಬಂತು. ವರ್ಷ ತುಂಬುವಷ್ಟರಲ್ಲಿ ಹಳೆಯ ಮಟ್ಟ ಮುಟ್ಟಿದೆ. ಈಗ ಅದಕ್ಕಿಂತ ಐದನೇ ಒಂದು ಪಾಲು ಮೇಲಿದ್ದೇನೆ. ಹೇಳಿದ ದಿನಕ್ಕೆ ಕಡತ ತಲುಪಿಸದೆ ಇದ್ದದ್ದಿಲ್ಲ. ತುರ್ತು ಕೆಲಸಕ್ಕೆ ದರ ಹೇಗೆ ಕಟ್ಟುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ವಾಯುವಿಹಾರದಲ್ಲಿ ಫೋನಿಗೆ ಮಾತಾಡಿ ಟಿಪ್ಪಣಿ ಬರೆಸಿದೆ; ಒತ್ತಕ್ಷರಗಳೆಲ್ಲ ಎಡವಟ್ಟು. ಅಮ್ಮನಿಗೆ ಕರಡು ಓದಿ ಹೇಳುವುದು ಮಾತ್ರ ಅದ್ಭುತವಾಗಿ ಫಲಿಸಿತು. ‘ಇದನ್ನು ಆಗಲೇ ಓದಿದೆಯಲ್ಲೋ’ ಎಂದು ಒಮ್ಮೆ ತಡೆದರು. ನೋಡಿದರೆ ಒಂದು ಪ್ಯಾರಾ ಎರಡು ಅಧ್ಯಾಯಗಳಲ್ಲಿ ಹಾಗೇ ಕೂತಿತ್ತು, ಲೇಖಕರ ಕಣ್ಣಿಗೂ ಬಿದ್ದಿರಲಿಲ್ಲ.

ಸಂಬಳದವರಿಗೆ ಇದನ್ನು ಕಣ್ಣುಮುಚ್ಚಿ ಹೇಳಲಾರೆ. ಬೆರೆಸುವುದು ಎಷ್ಟು ಎಂಬ ತೀರ್ಮಾನ ಕಂಪನಿಯ ಕೈಗೆ ಹೋದರೆ ರಾತ್ರಿ ಹತ್ತರ ಮೆಸೇಜೂ ಕೆಲಸವೇ ಆಗುತ್ತದೆ. ಫ್ರಾನ್ಸ್ ಕೆಲಸದ ಹೊತ್ತಿನಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು 2016ರಲ್ಲಿ ಕಾನೂನಿಗೆ ತಂದು 2017ರಿಂದ ಜಾರಿ ಮಾಡಿದ್ದು ಸುಮ್ಮನೆ ಅಲ್ಲ. ತುಂಡುಗೆಲಸದವರು ಮಾತ್ರ ಧೈರ್ಯವಾಗಿ ಮಾಡಿನೋಡಿ, ಐದಾರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು.