ವಿಶ್ವಮೇಳದ ಸ್ಟೀರಿಯೋ ಕಾರ್ಡು: ಕೊಳ್ಳುವ ಮುನ್ನ, ಕೊಂಡ ಮೇಲೆ

ಸ್ಟೀರಿಯೋ ಕಾರ್ಡು ಎಂದರೆ ಒಂದೇ ದೃಶ್ಯವನ್ನು ತುಸು ಬೇರೆ ಕೋನದಿಂದ ತೆಗೆದ ಎರಡು ಫೋಟೊಗಳನ್ನು ಪಕ್ಕಪಕ್ಕ ಅಂಟಿಸಿದ ರಟ್ಟು; ಎರಡು ಮಸೂರಗಳ ವ್ಯೂವರಿನಲ್ಲಿ ನೋಡಿದರೆ ದೃಶ್ಯಕ್ಕೆ ಆಳ ಬರುತ್ತದೆ. ಹಳೆಯ ವಿಶ್ವಮೇಳದ ಇಂಥ ಕಾರ್ಡು ಕೈಗೆ ಬಂದರೆ ನಾನು ಮೊದಲು ಓದುವುದು ರಟ್ಟಿನ ಅಂಚಿನಲ್ಲಿ ಅಚ್ಚಾದ ಹೆಸರನ್ನು. ಮೇಳದ ಆವರಣದಲ್ಲಿ ಫೋಟೊ ತೆಗೆದು ಮಾರುವ ಹಕ್ಕು ಆಗ ಎಲ್ಲರಿಗೂ ಸಿಗುತ್ತಿರಲಿಲ್ಲ. 1862ರ ಲಂಡನ್ ಮೇಳದಲ್ಲಿ ಅದು ಲಂಡನ್ ಸ್ಟೀರಿಯೋಸ್ಕೋಪಿಕ್ ಕಂಪನಿಗೆ, 1876ರ ಫಿಲಡೆಲ್ಫಿಯಾದಲ್ಲಿ ಸೆಂಟೆನಿಯಲ್ ಫೋಟೊಗ್ರಾಫಿಕ್ ಕಂಪನಿಗೆ ಸಿಕ್ಕಿತ್ತು. 1893ರ ಚಿಕಾಗೊದಲ್ಲಿ ಸ್ಟೀರಿಯೋ ಹಕ್ಕು ಬಿ.ಡಬ್ಲ್ಯು. ಕಿಲ್‌ಬರ್ನ್ ಅವರದು. ರಟ್ಟಿನ ಮೇಲೆ ಯಾವ ಹೆಸರೂ ಇಲ್ಲ, ನೆರಳು ಕರ್ರಗೆ ಮುಚ್ಚಿಹೋಗಿದೆ, ಆಕಾಶ ಬರೀ ಬಿಳಿ ಎಂದರೆ ಅದು ಬಹುಪಾಲು ಅಸಲಿ ಕಾರ್ಡಿನದೇ ಫೋಟೊ ತೆಗೆದು ಮಾಡಿದ ಕಳ್ಳಪ್ರತಿ. ಅಂಥದ್ದು ಅಗ್ಗಕ್ಕೆ ಸಿಕ್ಕರೂ ನನಗೆ ಬೇಡ.

ಆಮೇಲೆ ರಟ್ಟು. ಸಾಮಾನ್ಯ ಅಳತೆ 3.5 × 7 ಇಂಚು. ಬಾಗಿದ ರಟ್ಟು ಬಳಕೆಗೆ ಬಂದದ್ದು 1880ರ ಆಸುಪಾಸು. ಹಾಗಾಗಿ ಫಿಲಡೆಲ್ಫಿಯಾದ ಚಿತ್ರ ಬಾಗಿದ ರಟ್ಟಿನ ಮೇಲಿದ್ದರೆ ಅದು ನಂತರದ ಮರುಮುದ್ರಣ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಚುಕ್ಕಿಗಳ ಸಾಲು ಕಂಡರೆ ಅದು ಫೋಟೊ ಅಲ್ಲವೇ ಅಲ್ಲ, ಅಚ್ಚುಯಂತ್ರದ ಚಿತ್ರ.

ಆಳ ನಿಜವಾಗಿ ಇದೆಯೇ ಎಂದು ತಿಳಿಯಲು ಸ್ಕೇಲು ಸಾಕು. ಹತ್ತಿರದ ಒಂದು ದೀಪಕಂಬ ಎಡಚಿತ್ರದಿಂದ ಬಲಚಿತ್ರಕ್ಕೆ ಎಷ್ಟು ದೂರವಿದೆ, ಹಿಂದಿನ ಗುಮ್ಮಟ ಎಷ್ಟು ದೂರವಿದೆ, ಎರಡನ್ನೂ ಅಳೆಯಿರಿ. ಗುಮ್ಮಟದ ಅಂತರ ಹೆಚ್ಚಿರಬೇಕು. ಎರಡೂ ಸಮವಾದರೆ ಒಂದೇ ಚಿತ್ರವನ್ನು ಎರಡು ಸಲ ಅಂಟಿಸಿದ್ದಾರೆ. ಕಡಿಮೆಯಾದರೆ ಎಡಬಲ ಅದಲುಬದಲಾಗಿದೆ, ವ್ಯೂವರಿನಲ್ಲಿ ಗುಮ್ಮಟವೇ ಮುಂದೆ ಬಂದು ನಿಲ್ಲುತ್ತದೆ.

ಬಾಗಿದ ಕಾರ್ಡನ್ನು ಸ್ಕ್ಯಾನರಿನ ಮುಚ್ಚಳದಿಂದ ಒತ್ತಲೇಬೇಡಿ, ಚಿತ್ರದ ಪದರ ಬಿರಿಯುತ್ತದೆ. ಒತ್ತದೆ ಇಟ್ಟರೆ ನಡುಭಾಗ ಗಾಜಿನಿಂದ ಮೇಲೆದ್ದು, ತೆಳು ಸ್ಕ್ಯಾನರುಗಳಲ್ಲಿ ಮಸುಕಾಗುತ್ತದೆ. ಎರಡು ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು ಬಿಟ್ಟು ಕ್ಯಾಮೆರಾದಲ್ಲೇ ತೆಗೆಯುವುದು ಮೇಲು. ಚಪ್ಪಟೆ ಕಾರ್ಡಿಗೆ ಸ್ಕ್ಯಾನರ್ ಸಾಕು, 600 ಡಿಪಿಐಗಿಂತ ಕಡಿಮೆ ಬೇಡ.

ಧೂಳಿಗೆ ಮೆತ್ತನೆಯ ಕುಂಚ ಮಾತ್ರ. ಒದ್ದೆ ಬಟ್ಟೆ ತಗುಲಿದರೆ ಕೈಯಿಂದ ಹಚ್ಚಿದ ಬಣ್ಣ ಹೋಗುತ್ತದೆ. ಪಿವಿಸಿ ಕವರು ಕಾಲಕ್ರಮೇಣ ಅಂಟಂಟಾಗುವುದರಿಂದ ಪಾಲಿಯೆಸ್ಟರ್ ಕವರು ಕೊಳ್ಳಿ, ವಿವರವನ್ನು ಕವರಿನ ಚೀಟಿಯ ಮೇಲೆ ಬರೆಯಿರಿ. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ತೇವಾಂಶ ಮಾಪಕವನ್ನೂ ಇಡಬೇಕು: ಶೇ. 50 ದಾಟಬಾರದು, 30ಕ್ಕಿಂತ ಕೆಳಗಿಳಿದರೂ ರಟ್ಟು ಸೊಟ್ಟಗಾಗುತ್ತದೆ.

ಬೆಳಕು ಹಾಯುವ ತೆಳು ಕಾಗದದ ಮೇಲೆ ಚಿತ್ರವಿರುವ ಫ್ರೆಂಚ್ ಟಿಶ್ಯೂ ಕಾರ್ಡಿನಲ್ಲಿ ಸೂಜಿಮೊನೆಯ ತೂತುಗಳಿದ್ದರೆ ಹಾಳಾಗಿದೆಯೆಂದು ಬಿಡಬೇಡಿ. ಹಿಂದಿನಿಂದ ಬೆಳಕು ಬಿಟ್ಟಾಗ ದೀಪಗಳು ಹೊಳೆಯಲೆಂದು ತಯಾರಕರೇ ಚುಚ್ಚಿದ್ದು.