ಎರಡನೇ ನಾಯಿ ತರುವ ಮುಂಚೆ ಮೊದಲನೆಯದನ್ನು ನೋಡಿ

"ನಮ್ಮ ನಾಯಿಗೆ ಬೇಜಾರು, ಜೊತೆಗೊಂದು ತರೋಣ" ಅಂತ ಯೋಚಿಸುತ್ತಿರುವವರಿಗೆ ಒಂದು ಮಾತು. ಅದಕ್ಕೆ ಬೇಕಿರುವುದು ಇನ್ನೊಂದು ನಾಯಿನಾ, ಇಲ್ಲಾ ನೀವಾ? ನೀವು ಹೊರಗೆ ಹೋದಾಗ ಮಾತ್ರ ಬೊಗಳಿ, ಬಾಗಿಲು ಕೆರೆದು ರಂಪ ಮಾಡುವ ನಾಯಿ ಹೆಚ್ಚಾಗಿ ಮನುಷ್ಯರಿಗಾಗಿಯೇ ಹಂಬಲಿಸುತ್ತಿರುತ್ತದೆ, ಜೊತೆ ತಂದರೂ ಗಲಾಟೆ ನಿಲ್ಲದೆ ಇರಬಹುದು, ಕೆಲವೊಮ್ಮೆ ಹೊಸದೂ ಅದನ್ನೇ ಕಲಿಯುತ್ತದೆ.

ಬೇರೆ ನಾಯಿ ಕಂಡಾಗ ನಿಮ್ಮದು ಏನು ಮಾಡುತ್ತದೆ ಗಮನಿಸಿ. ಮೈ ಸಡಿಲ ಬಿಟ್ಟು ಆಡಲು ಹೋದರೆ ಸರಿ. ಮೈ ಬಿಗಿ ಮಾಡಿ ದಿಟ್ಟಿಸಿದರೆ, ತಟ್ಟೆ ಹತ್ತಿರ ಯಾರು ಬಂದರೂ ಗುರ್ ಅಂದರೆ, ಮೊದಲು ಅದನ್ನು ಸರಿಪಡಿಸಿ. ವಯಸ್ಸಾಗಿ ಕೀಲು ನೋವಿರುವ ನಾಯಿಗೆ ಇಡೀ ದಿನ ಮೈಮೇಲೆ ಬೀಳುವ ಮರಿ ಹಿಂಸೆ ಅಲ್ವಾ, ಅದರ ಬದಲು ಶಾಂತ ಸ್ವಭಾವದ, ಬೆಳೆದ ನಾಯಿಯೇ ವಾಸಿ. ಸಾಮಾನ್ಯವಾಗಿ ಒಂದು ಗಂಡು, ಒಂದು ಹೆಣ್ಣು ಸುಲಭವಾಗಿ ಹೊಂದಿಕೊಳ್ಳುತ್ತವೆ (ಆಪರೇಷನ್ ಮಾಡಿಸಿರಬೇಕು, ಇಲ್ಲದಿದ್ದರೆ ಎರಡು ಹೋಗಿ ಎಂಟಾದಾವು).

ಮೊದಲ ಭೇಟಿ ಮನೆಯೊಳಗೆ ಬೇಡ. ಎರಡಕ್ಕೂ ಪರಿಚಯವಿಲ್ಲದ ಜಾಗದಲ್ಲಿ, ಒಬ್ಬೊಬ್ಬರು ಒಂದೊಂದು ನಾಯಿ ಹಿಡಿದು, ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಸುತ್ತಾ ನಿಧಾನವಾಗಿ ಹತ್ತಿರ ತನ್ನಿ. ಅದಕ್ಕೂ ಮುಂಚೆ ಲಸಿಕೆ, ಜಂತುಹುಳದ ಔಷಧಿ ಎರಡಕ್ಕೂ ಆಗಿರಲಿ. ಮನೆಯಲ್ಲಿ ಊಟ ಬೇರೆ ಬೇರೆ ಕಡೆ ಹಾಕಿ, ಮಲಗುವ ಜಾಗವೂ ಬೇರೆ.

ದತ್ತು ಕೊಡುವವರು ಒಪ್ಪಿದರೆ ಕೆಲವು ವಾರ ತಾತ್ಕಾಲಿಕವಾಗಿ ಇಟ್ಟುಕೊಳ್ಳಿ, ಕೇಳೋಕೆ ಸಂಕೋಚ ಬೇಡ. ಮೊದಲ ಒಂದೆರಡು ದಿನ ಸುಮ್ನೆ ಇರುವ ನಾಯಿ ಆಮೇಲೆ ನಿಜ ಬಣ್ಣ ತೋರಿಸುವುದೇ ಜಾಸ್ತಿ.